ಕೈ ಇಳಿಸಿ ನಿಂತವರೆಲ್ಲ ಮೈಮರೆತವರಲ್ಲ

2018ರ ಅಕ್ಟೋಬರ್ 6ರಂದು ಲಾಸ್ ವೇಗಸ್‌ನ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಪಂದ್ಯದಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಮತ್ತು ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಎದುರಾದಾಗ ಜನರ ಲೆಕ್ಕ ಸರಳವಾಗಿತ್ತು. ಗುದ್ದಾಟ ನಡೆದರೆ ಐರ್ಲೆಂಡಿನವರ ಕೈ ಮೇಲು, ಕುಸ್ತಿಗೆ ಬಿದ್ದರೆ ದಾಗೆಸ್ತಾನದವರದು. ಎರಡನೇ ರೌಂಡಿನಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಖಬೀಬ್ ಬೀಸಿದ ಬಲಗೈ ಗುದ್ದಿಗೆ ಮೆಕ್‌ಗ್ರೆಗರ್ ನೆಲಕ್ಕೆ ಕುಸಿದರು. ಗುದ್ದಿಗೇ ಹೆಸರಾದವರನ್ನು ಕುಸ್ತಿಪಟು ಗುದ್ದಿ ಬೀಳಿಸಿದ್ದರು.

ಅದರ ಹಿಂದಿನ ಐದು ನಿಮಿಷ ನೋಡಿದವರಿಗೆ ಇದರಲ್ಲಿ ಪವಾಡವೇನೂ ಕಾಣಲಿಲ್ಲ. ಮೊದಲ ರೌಂಡಿನಲ್ಲಿ ಖಬೀಬ್ ಕಾಲಿಗೆ ಕೈ ಹಾಕಿ ಕೆಡವಿ, ಬಹುಹೊತ್ತು ಮೇಲೇಳಲು ಬಿಟ್ಟಿರಲಿಲ್ಲ. ಮತ್ತೆ ಎಲ್ಲಿ ಕಾಲಿಗೆ ಬರುತ್ತಾರೋ ಎಂದು ಒಂದು ಕಣ್ಣನ್ನು ಕೆಳಗಿಟ್ಟವರಿಗೆ ಮೇಲಿನಿಂದ ಬರುವ ಗುದ್ದು ತಡವಾಗಿಯೇ ಕಾಣುತ್ತದೆ. ನಾಲ್ಕನೇ ರೌಂಡಿನಲ್ಲಿ ಕುತ್ತಿಗೆಗೆ ಬಿದ್ದ ಪಟ್ಟಿಗೆ ಮೆಕ್‌ಗ್ರೆಗರ್ ಸೋಲೊಪ್ಪಿಕೊಂಡರು.

ಬಾಕ್ಸಿಂಗ್ ನೋಡಿ ಬೆಳೆದವರು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ನೋಡಲು ಕುಳಿತರೆ ಅವರ ಮೊದಲ ತಕರಾರು ಕೈಯದ್ದೇ. ಗಲ್ಲದ ಪಕ್ಕ ಇರಬೇಕಾದ ಮುಷ್ಟಿ ಎದೆಯ ಮಟ್ಟದಲ್ಲಿ, ಕೆಲವೊಮ್ಮೆ ಸೊಂಟದ ಹತ್ತಿರ ತೂಗಾಡುತ್ತಿರುತ್ತದೆ. ಇವರಿಗೆ ಮೂಲಪಾಠವೇ ಗೊತ್ತಿಲ್ಲ ಎಂಬ ತೀರ್ಪು ಅಲ್ಲಿಂದಲೇ ಹುಟ್ಟುತ್ತದೆ. ಆ ತೀರ್ಪು ತಪ್ಪು. ಕೈಯನ್ನು ಇಳಿಸಿದ್ದು ಸೋಮಾರಿತನವಲ್ಲ, ಬಹುಮಟ್ಟಿಗೆ ಆ ಆಟದ ನಿಯಮಗಳು. ಹೀಗಾಗಿ ಒಬ್ಬ ಪಟುವಿನ ಕೈ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ ಸಾಲದು. ಎದುರಾಳಿ ಎಷ್ಟು ದೂರದಲ್ಲಿದ್ದಾಗ ಎಂಬುದನ್ನೂ ಕೇಳಬೇಕು.

ಮೈಸೂರಿನ ದಸರಾ ಕುಸ್ತಿಯನ್ನು ಹತ್ತಿರದಿಂದ ನೋಡಿದವರಿಗೆ ಅರ್ಧ ಉತ್ತರ ಆಗಲೇ ಗೊತ್ತು. ಅಖಾಡಕ್ಕಿಳಿದ ಪೈಲ್ವಾನರು ಮುಖ ಮುಚ್ಚಿಕೊಂಡು ನಿಲ್ಲುವುದಿಲ್ಲ. ಮೊಣಕಾಲು ಬಾಗಿಸಿ, ಎರಡೂ ಕೈಗಳನ್ನು ಮುಂದೆ ಚಾಚಿ, ಎದುರಾಳಿ ಕಾಲಿಗೆ ನುಗ್ಗಿದರೆ ತಡೆಯಲು ಸಿದ್ಧರಾಗಿರುತ್ತಾರೆ. ಎಂಎಂಎ ಪಟುವಿಗೂ ಇದೇ ಚಿಂತೆ. ಯಾರಾದರೂ ತೊಡೆಗೆ ಕೈ ಹಾಕಿದ ತಕ್ಷಣ ಸೊಂಟವನ್ನು ಹಿಂದಕ್ಕೆ ಎಸೆದು, ಅವರ ಕಂಕುಳಡಿ ತೋಳು ತೂರಿಸಿ, ಮೇಲಕ್ಕೆ ಎತ್ತಬೇಕು. ಮುಷ್ಟಿ ಕಿವಿಯ ಬಳಿ ಇದ್ದರೆ ಅಲ್ಲಿಂದ ಸೊಂಟಕ್ಕೆ ಇಳಿಯುವಷ್ಟರಲ್ಲಿ ಹಿಡಿತ ಬಿಗಿಯಾಗಿರುತ್ತದೆ. ಒಮ್ಮೆ ಕೆಳಗೆ ಬಿದ್ದರೆ ಬಾಕ್ಸಿಂಗಿನಂತೆ ರೆಫರಿ ಎಣಿಸುತ್ತಾ ಕಾಯುವುದಿಲ್ಲ, ಎದುರಾಳಿ ಎದೆಯ ಮೇಲೆ ಕುಳಿತು ಹೊಡೆಯುತ್ತಾನೆ. ಆದ್ದರಿಂದ ಅರ್ಧ ಕ್ಷಣದ ಆ ಉಳಿತಾಯ ಸಣ್ಣದಲ್ಲ.

ಹಾಗೆಂದು ಪೂರ್ತಿ ಕುಸ್ತಿಪಟುವಿನಂತೆ ನಿಂತರೂ ಅಪಾಯವೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಕುಸ್ತಿಯಾಡಿದ್ದ ಬೆನ್ ಆಸ್ಕ್ರೆನ್ ಎಂಎಂಎಯಲ್ಲಿ ಒಮ್ಮೆಯೂ ಸೋಲದೆ 2019ರ ಜುಲೈ 6ರಂದು ಜಾರ್ಜ್ ಮಾಸ್ವಿಡಾಲ್ ಎದುರು ನಿಂತರು. ಗಂಟೆ ಬಾರಿಸಿದ ಕೂಡಲೇ ಮಾಸ್ವಿಡಾಲ್ ಓಡಿಬಂದರು, ಆಸ್ಕ್ರೆನ್ ಕಾಲು ಹಿಡಿಯಲು ಬಾಗಿದರು, ಹಾರಿಬಂದ ಮೊಣಕಾಲು ತಲೆಗೆ ಬಡಿಯಿತು. ಐದು ಸೆಕೆಂಡಿನಲ್ಲಿ ಎಲ್ಲ ಮುಗಿದಿತ್ತು.

ಗ್ಲೌಸಿನ ಮಾತು ಬಾಕ್ಸಿಂಗ್ ಅಭಿಮಾನಿಗಳು ಗಮನಿಸಲೇಬೇಕಾದದ್ದು. ವೃತ್ತಿಪರ ಬಾಕ್ಸರುಗಳ ಗ್ಲೌಸ್ ತೂಕಕ್ಕೆ ತಕ್ಕಂತೆ 8 ಅಥವಾ 10 ಔನ್ಸ್, ಅಂದರೆ ಸುಮಾರು 227ರಿಂದ 283 ಗ್ರಾಂ. ಎರಡು ಗ್ಲೌಸನ್ನೂ ಮುಖದ ಮುಂದೆ ಜೋಡಿಸಿದರೆ ಅದೇ ಒಂದು ಗೋಡೆ. ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿಯಲ್ಲಿ ಸಾಮಾನ್ಯವಾಗಿ ತೊಡುವುದು 4 ಔನ್ಸಿನದ್ದು, ಸುಮಾರು 113 ಗ್ರಾಂ. ಎದುರಾಳಿಯನ್ನು ಹಿಡಿಯಬೇಕಲ್ಲ, ಅದಕ್ಕಾಗಿ ಬೆರಳುಗಳೂ ತೆರೆದಿರುತ್ತವೆ. ಅಷ್ಟು ತೆಳುವಾದದ್ದನ್ನು ಮುಖಕ್ಕೆ ಅಡ್ಡ ಹಿಡಿದರೆ ಗುದ್ದು ಸಂದಿಯಲ್ಲಿ ನುಗ್ಗುತ್ತದೆ. ಮೇಲೆತ್ತಿದ ಕೈ ಬಾಕ್ಸರಿಗೆ ಕೊಡುವ ರಕ್ಷಣೆಯನ್ನು ಇಲ್ಲಿ ಪೂರ್ತಿಯಾಗಿ ಕೊಡುವುದೇ ಇಲ್ಲ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊಟ್ಟಮೊದಲ ಯುಎಫ್‌ಸಿಗೆ ಆರ್ಟ್ ಜಿಮ್ಮರ್ಸನ್ ಎಂಬ ಬಾಕ್ಸರ್ ಒಂದೇ ಕೈಗೆ ಬಾಕ್ಸಿಂಗ್ ಗ್ಲೌಸ್ ತೊಟ್ಟು ಬಂದಿದ್ದರು. ರಾಯ್ಸ್ ಗ್ರೇಸಿ ಅವರನ್ನು ಕೆಡವಿ ಮೇಲೇರಿ ಕುಳಿತದ್ದೇ ತಡ, ಜಿಮ್ಮರ್ಸನ್ ಸೋಲೊಪ್ಪಿಕೊಂಡರು.

ಉಳಿದ ಕಾರಣ ಕಾಲುಗಳದ್ದು. ಒದೆತಕ್ಕೆ ಅವಕಾಶ ಇರುವುದರಿಂದ ಇಲ್ಲಿ ಇಬ್ಬರ ನಡುವಿನ ಅಂತರ ಬಾಕ್ಸಿಂಗಿಗಿಂತ ಹೆಚ್ಚು. ಗುದ್ದು ಮುಟ್ಟಬೇಕಾದರೆ ಒಂದು ಹೆಜ್ಜೆ ಒಳಗೆ ಬರಲೇಬೇಕು, ಆ ಹೆಜ್ಜೆಯೇ ಎಚ್ಚರಿಕೆ ಕೊಡುತ್ತದೆ. ಅಷ್ಟು ದೂರದಲ್ಲಿ ನಿಂತಿರುವಾಗ ಗಲ್ಲಕ್ಕೆ ಕೈ ಒತ್ತಿಕೊಂಡರೆ ತೆರೆದುಕೊಳ್ಳುವುದು ಪಕ್ಕೆ. ಪಕ್ಕೆಗೆ ಬೀಸಿದ ಕಾಲನ್ನು ತಡೆಯಲು, ಸಾಧ್ಯವಾದರೆ ಹಿಡಿದು ಕೆಡವಲು ಮೊಣಕೈ ಕೆಳಗಿರಬೇಕು. ತೋಳಿನ ದಣಿವನ್ನೂ ಮರೆಯುವಂತಿಲ್ಲ. ಇಲ್ಲಿ ರೌಂಡೊಂದಕ್ಕೆ ಐದು ನಿಮಿಷ, ಬಾಕ್ಸಿಂಗಿನಂತೆ ಮೂರಲ್ಲ. ಅಂಕಣದ ಸುತ್ತಲಿನ ಬೇಲಿಗೆ ಒರಗಿ ಎರಡು ನಿಮಿಷ ಜಗ್ಗಾಡಿದ ಭುಜಕ್ಕೆ ಆಮೇಲೆ ಮುಷ್ಟಿಯೇ ಭಾರ.

ಕೆಳಗಿನಿಂದ ಹೊರಟ ಗುದ್ದಿನ ದಾರಿ ಎದುರಾಳಿಯ ಕಣ್ಣಿಗೆ ಸಿಗುವುದೂ ಕಷ್ಟ. ಎಂಎಂಎ ಪಟು ಚಕ್ ಲಿಡೆಲ್ ಕುಸ್ತಿ ಬಲ್ಲವರಾಗಿದ್ದರಿಂದ ಬೀಳುವ ಭಯವಿಲ್ಲದೆ ಕೈ ಇಳಿಸಿಕೊಂಡೇ ನಿಂತು, ವಿಚಿತ್ರ ಕೋನಗಳಿಂದ ಹೊಡೆದು ವರ್ಷಗಟ್ಟಲೆ ಗೆದ್ದರು. ಈ ಕಲೆಯ ತುತ್ತತುದಿ ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾ. 2009ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ತಮಗಿಂತ ಮೇಲಿನ ತೂಕದ ಮಾಜಿ ಚಾಂಪಿಯನ್ ಫಾರೆಸ್ಟ್ ಗ್ರಿಫಿನ್ ಎದುರು ಕೈ ಇಳಿಸಿಕೊಂಡು ನಿಂತರು. ಗ್ರಿಫಿನ್ ಗುದ್ದುಗಳು ತಲೆಯ ಅತ್ತಿತ್ತ ಗಾಳಿಯಲ್ಲಿ ಹೋದವು. ಹಿಂದಕ್ಕೆ ಸರಿಯುತ್ತಲೇ ಸಿಲ್ವಾ ಚಾಚಿದ ಬಲಗೈಯ ಸಣ್ಣ ಹೊಡೆತಕ್ಕೆ ಗ್ರಿಫಿನ್ ಮೊದಲ ರೌಂಡಿನಲ್ಲೇ ಮಲಗಿದರು. ಎಂಎಂಎಯಲ್ಲಿ ಅದಕ್ಕಿಂತ ಚೆಲುವಾದ ನಾಕೌಟ್ ಹುಡುಕುವುದು ಕಷ್ಟ.

ಆದರೆ ಇದೇ ಸಿಲ್ವಾ ಇನ್ನೊಂದು ಪಾಠಕ್ಕೂ ಉದಾಹರಣೆ. ಯುಎಫ್‌ಸಿಯಲ್ಲಿ ಸತತ 16 ಗೆಲುವು ಕಂಡಿದ್ದ ಅವರು 2013ರ ಜುಲೈ 6ರಂದು ಕ್ರಿಸ್ ವೈಡ್‌ಮನ್ ಎದುರಿಗಿದ್ದರು. ಎರಡನೇ ರೌಂಡಿನಲ್ಲಿ ಕೈ ಬಿಟ್ಟು, ಕೆಣಕುತ್ತಾ, ಸೊಂಟದಿಂದ ಹಿಂದೆ ಹಿಂದೆ ವಾಲಿ ಗುದ್ದು ತಪ್ಪಿಸಿಕೊಂಡರು. ಕಾಲು ಮಾತ್ರ ಇದ್ದಲ್ಲೇ ಇತ್ತು. ವೈಡ್‌ಮನ್ ಒಂದರ ಹಿಂದೊಂದು ಗುದ್ದು ಬೀಸುತ್ತಾ ಮುಂದೆ ಬಂದಂತೆ ವಾಲಲು ಜಾಗ ಮುಗಿಯಿತು. ಎಡಗೈ ಹುಕ್ ಗಲ್ಲಕ್ಕೆ ಬಡಿಯಿತು. ಆಗ ಸಿಲ್ವಾಗೆ 38 ವರ್ಷ.

ಈ ವಯಸ್ಸನ್ನು ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. 2008ರಲ್ಲಿ ರಶಾದ್ ಎವಾನ್ಸ್‌ರ ಗುದ್ದಿಗೆ ಲಿಡೆಲ್ ಪ್ರಜ್ಞೆ ತಪ್ಪಿ ಬಿದ್ದಾಗ ಅವರಿಗೂ 38. ಬಾಕ್ಸಿಂಗಿನಲ್ಲಿ ಕೈ ಇಳಿಸಿಯೇ ಮೆರೆದ ರಾಯ್ ಜೋನ್ಸ್ ಜೂನಿಯರ್ 2004ರಲ್ಲಿ ಆಂಟೋನಿಯೊ ಟಾರ್ವರ್ ಎದುರು ಎರಡನೇ ರೌಂಡಿನಲ್ಲಿ ಬಿದ್ದಾಗ 35. ಗಲ್ಲದ ಬಳಿ ಕೈ ಇಟ್ಟವರಿಗೆ ಕಣ್ಣು ಸ್ವಲ್ಪ ನಿಧಾನವಾದರೂ ಮುಷ್ಟಿ ಅಲ್ಲಿಯೇ ಇರುತ್ತದೆ. ಕೈ ಇಳಿಸಿದವರನ್ನು ಕಾಯುವುದು ಕಣ್ಣು, ಪಾದ, ಅಂತರದ ಅಂದಾಜು ಮಾತ್ರ. ಇವುಗಳಲ್ಲಿ ಒಂದು ಮಂಕಾದರೂ ಉಳಿದವು ಸಾಲುವುದಿಲ್ಲ, ಮತ್ತು ಅದು ಮಂಕಾದದ್ದು ಪಟುವಿಗೆ ತಿಳಿಯುವುದು ಬಹುತೇಕ ಸೋತ ಮೇಲೆಯೇ.

ದೂರದಲ್ಲಿ ನಿಂತು, ಕುಸ್ತಿಯನ್ನೂ ಒದೆತವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇಳಿಸಿದ ಕೈ ವಿವೇಕದ್ದು. ಗುದ್ದು ಮುಟ್ಟುವ ಅಂತರಕ್ಕೆ ಬಂದ ಮೇಲೂ ಪ್ರೇಕ್ಷಕರಿಗಾಗಿ ಇಳಿಸಿಯೇ ಇಟ್ಟ ಕೈ ಬೇರೆಯದು. ಟೀಕಾಕಾರರು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಅಭಿಮಾನಿಗಳು ಮಾಡುವ ತಪ್ಪೂ ಅದೇ, ಎರಡಕ್ಕೂ ಚಪ್ಪಾಳೆ ತಟ್ಟುತ್ತಾರೆ. ಅಭಿಮಾನಿಗಳ ತಪ್ಪೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನೋಡಿ ಕಲಿಯುವವರು ಮಕ್ಕಳು.

ಭಾರತದಲ್ಲಿ ಈ ಕ್ರೀಡೆ ಬೆಳೆಯುತ್ತಿದೆ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಎಂಎಂಎ ಕಲಿಸುವ ಜಿಮ್‌ಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಮೊದಲು ಕಲಿತು ಬರುವುದು ಮೊಬೈಲಿನಿಂದ. 2021ರ ಜನವರಿಯಲ್ಲಿ ಅಬುಧಾಬಿಯಲ್ಲಿ ಮ್ಯಾಕ್ಸ್ ಹಾಲೋವೇ ಕೊನೆಯ ರೌಂಡಿನಲ್ಲಿ ವೀಕ್ಷಕ ವಿವರಣೆಗಾರರ ಕಡೆ ಮುಖ ತಿರುಗಿಸಿ ಮಾತಾಡುತ್ತಲೇ ಕ್ಯಾಲ್ವಿನ್ ಕ್ಯಾಟರ್‌ರ ಗುದ್ದು ತಪ್ಪಿಸಿಕೊಂಡ ತುಣುಕು ಅಂಥದ್ದು. ಆ ಕೆಲವು ಸೆಕೆಂಡಿಗೆ ಮುಂಚೆ ಹಾಲೋವೇ ನಾಲ್ಕು ರೌಂಡಿಗೂ ಹೆಚ್ಚು ಹೊತ್ತು ಕ್ಯಾಟರ್‌ರ ಪ್ರತಿ ಚಲನೆಯನ್ನು ಓದಿದ್ದರು. ಆ ರಾತ್ರಿ ಅವರು ಮುಟ್ಟಿಸಿದ ಪ್ರಮುಖ ಹೊಡೆತಗಳು 445, ಯುಎಫ್‌ಸಿಯ ದಾಖಲೆ. ದಣಿದ ಕ್ಯಾಟರ್‌ರ ಕೈಯಿಂದ ಇನ್ನೇನು ಬರಬಹುದೆಂದು ಅವರಿಗೆ ಆಗಲೇ ತಿಳಿದಿತ್ತು. ತುಣುಕಿನಲ್ಲಿ ಇದಾವುದೂ ಇಲ್ಲ.

ಕೋಚ್‌ಗಳು ಆ ಪಂದ್ಯವನ್ನು ಮೊದಲ ಗಂಟೆಯಿಂದ ತೋರಿಸಬೇಕು, ಪ್ರತಿ ರೌಂಡಿನಲ್ಲೂ ನಿಲ್ಲಿಸಿ ಪಾದ ಎಲ್ಲಿತ್ತು, ಅಂತರ ಎಷ್ಟಿತ್ತು ಎಂದು ಕೇಳಬೇಕು. ಕಾಲಿಗೆ ನುಗ್ಗಿದವರನ್ನು ತಡೆಯಲು, ಪಕ್ಕೆಗೆ ಬಂದ ಒದೆತವನ್ನು ಹಿಡಿಯಲು, ಗುದ್ದಿನ ಅಂತರದಿಂದ ಹೆಜ್ಜೆಯಿಟ್ಟು ಹೊರಬರಲು ಬರುವವರೆಗೆ ಹೊಸಬರ ಮುಷ್ಟಿ ಗಲ್ಲದ ಬಳಿಯೇ ಇರಲಿ. ಅಭ್ಯಾಸದ ಕಾದಾಟದಲ್ಲಿ ಕೈ ಬಿಟ್ಟು ಕುಣಿಯುವ ಹುಡುಗನನ್ನು ಅಲ್ಲಿಯೇ ನಿಲ್ಲಿಸಿ, ಕೈ ಏಕೆ ಇಳಿಸಿದೆ ಎಂದು ಕಾರಣ ಕೇಳುವ ಹೊಣೆ ಕೋಚ್‌ನದು.