ಆಟೋಮ್ಯಾಟಿಕ್ ಕಾರಿಗೂ ಎಣ್ಣೆಯ ಲೆಕ್ಕ ಬೇಕು

ಗಣೇಶ ಚತುರ್ಥಿ, ದೀಪಾವಳಿ ಸಮೀಪಿಸಿದಂತೆ ಪುಣೆ ಕನ್ನಡಿಗರ ಕಾರುಗಳು ಊರಿನತ್ತ ಮುಖ ಮಾಡುವುದು ಈಗ ಸಾಮಾನ್ಯ. 2014ರಲ್ಲಿ ಮಾರುತಿ ಸೆಲೆರಿಯೊ ಎ.ಎಂ.ಟಿ. ಗೇರ್ ವ್ಯವಸ್ಥೆಯೊಂದಿಗೆ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಮಧ್ಯಮ ವರ್ಗದ ಕೈಗೂ ಎಟುಕಿತು. ಕಾತ್ರಜ್, ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ವಿಶ್ರಾಂತಿ ಸಿಕ್ಕಿದ್ದು ನಿಜ. ಆದರೆ ಆಟೋಮ್ಯಾಟಿಕ್ ಎಂದರೆ ಆರೈಕೆ ಬೇಡದ ಕಾರು ಎಂಬ ಭಾವನೆ ಬೆಳೆದಿರುವುದು ವಿಷಾದನೀಯ.

ಇಂಜಿನ್ ಆಯಿಲ್, ಟೈರಿನ ಗಾಳಿ ನೋಡಿಸುವವರೂ ಗೇರ್ ಬಾಕ್ಸಿನ ಎಣ್ಣೆಯನ್ನು ಮರೆಯುತ್ತಾರೆ. ಟಾರ್ಕ್ ಕನ್ವರ್ಟರ್ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಇಂಜಿನಿನ ಶಕ್ತಿಯನ್ನು ಗೇರ್‌ಗಳಿಗೆ ದಾಟಿಸುವುದು, ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಹಿಡಿಸುವುದು, ಬಿಸಿಯನ್ನು ಹೊರಗೊಯ್ಯುವುದು ಎಲ್ಲವೂ ಈ ಎಣ್ಣೆಯದೇ ಕೆಲಸ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಅತಿಯಾದರೂ ನೊರೆ ಬಂದು ಅದೇ ಗತಿ. ಮಕ್ಕಳು, ವೃದ್ಧರು ಕುಳಿತ ಕಾರು ಖಂಬಾಟ್ಕಿಯಲ್ಲೋ ಅರಬೈಲ್ ಘಾಟಿಯಲ್ಲೋ ರಾತ್ರಿ ಹೊತ್ತು ನಿಂತುಬಿಟ್ಟರೆ ಆಗುವ ಪಾಡು ಹೇಳತೀರದು.

ಹಾಗೆಂದು ಮೊಬೈಲಿನ ವಿಡಿಯೊ ನಂಬಿ, ಸೊಸೈಟಿಯ ಪಾರ್ಕಿಂಗಿನಲ್ಲಿ ಸಿಕ್ಕಿದ ಕೆಂಪು ಎಣ್ಣೆ ಸುರಿಯುವುದೂ ತಪ್ಪು. ಮೊದಲು ಓದಬೇಕಾದುದು ಕಾರಿನ ಕೈಪಿಡಿ. ಎ.ಎಂ.ಟಿ. ಎಂದರೆ ಯಂತ್ರವೇ ಕ್ಲಚ್ ಒತ್ತಿ ಗೇರ್ ಬದಲಿಸುವ ಸಾಧಾರಣ ಗೇರ್ ಬಾಕ್ಸ್; ಅದರ ಲೆಕ್ಕವೇ ಬೇರೆ. ಸಿ.ವಿ.ಟಿ., ಡಿ.ಸಿ.ಟಿ.ಗಳಿಗೂ ಅವುಗಳದೇ ಎಣ್ಣೆಯುಂಟು. ಇತ್ತೀಚಿನ ಅನೇಕ ಕಾರುಗಳಲ್ಲಿ ಅಳತೆ ಕಡ್ಡಿಯೇ ಇಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಣ್ಣೆಯ ಉಷ್ಣತೆ ಅಳೆದು ನೋಡಬೇಕಾದ ಆ ಕೆಲಸವನ್ನು ವರ್ಕ್‌ಶಾಪಿಗೇ ಬಿಡುವುದು ಲೇಸು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ನುಸುಳುವ ಸಾಹಸ ಯಾರಿಗೂ ಬೇಡ.

ಕಡ್ಡಿ ಇರುವ ಕಾರುಗಳಲ್ಲಿ ಪರೀಕ್ಷೆ ಸುಲಭ. ಕಾಲು ಗಂಟೆ ಓಡಿಸಿ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲ್ ಒತ್ತಿಕೊಂಡೇ ಲಿವರನ್ನು ಎಲ್ಲ ಸ್ಥಾನಗಳಿಗೂ ಒಯ್ದು 'ಪಿ'ಗೆ ತಂದು, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಬೇಕು. ಹೆಚ್ಚಿನವುಗಳಲ್ಲಿ ಇಂಜಿನ್ ಚಾಲೂ ಇರಬೇಕು. ಹೋಂಡಾದ ಹಲವು ಕಾರುಗಳಲ್ಲಿ ಇಂಜಿನ್ ನಿಲ್ಲಿಸಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಕಡಿಮೆಯಿದ್ದರೆ ಕೈಪಿಡಿ ಹೇಳಿದ ಎಣ್ಣೆಯನ್ನೇ ಆಲಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ಹಾಕಿ, ಪ್ರತಿ ಸಲ ಅಳೆಯಬೇಕು. ಕೆಂಪು ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದಿರುವ ಸೂಚನೆ. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ ಎಂದರ್ಥ. 2024ರ ಜುಲೈಯಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಆದಂತೆ ಪಾರ್ಕಿಂಗಿಗೆ ನೆರೆ ನೀರು ನುಗ್ಗಿದರೆ, ಮುಳುಗಿದ ಕಾರನ್ನು ಸ್ಟಾರ್ಟ್ ಮಾಡದೆ ಗಾಡಿಯ ಮೇಲೆ ಹೇರಿಸಿ ವರ್ಕ್‌ಶಾಪಿಗೆ ಕಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಇಂಜಿನ್ ಆಯಿಲ್‌ನಂತೆ ಈ ಎಣ್ಣೆ ಉರಿದು ಹೋಗುವುದಿಲ್ಲ. ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ಎಣ್ಣೆ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಪಾಸ್‌ಬುಕ್ಕಿನಲ್ಲಿ ನೂರು ರೂಪಾಯಿ ಕಡಿಮೆ ಕಂಡರೂ ಕೌಂಟರಿಗೆ ಬಂದು ಕೇಳುವ ಜನ ಇಲ್ಲೂ ಅದೇ ಎಚ್ಚರ ತೋರಬೇಕು. ದಿನಾಂಕ, ಓಡಿದ ಕಿ.ಮೀ., ಎಣ್ಣೆಯ ಹೆಸರು, ಹಾಕಿದ ಪ್ರಮಾಣ ಇಷ್ಟನ್ನು ಬರೆದಿಡಬೇಕು. ವರ್ಕ್‌ಶಾಪಿನ ಬಿಲ್ಲಿನಲ್ಲೂ ಎಣ್ಣೆಯ ದರ್ಜೆಯನ್ನು ಬರೆಸಿಕೊಳ್ಳಬೇಕು.

ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲುವವರೂ ಇದ್ದಾರೆ. ಪುಣೆಯ ಚರಂಡಿ ಸೇರುವುದು ಮುಳಾ-ಮುಠಾ ನದಿಯನ್ನು, ಅದು ಸೇರುವುದು ಭೀಮೆಯನ್ನು. ಭೀಮೆ ಉಜನಿ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿಯುತ್ತಾಳೆ. ಇಲ್ಲಿ ಚೆಲ್ಲಿದ್ದು ಊರಿನ ನೀರಿಗೇ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಡಬ್ಬಿಯಲ್ಲಿ ತುಂಬಿ, ಮರುಬಳಕೆಗೆ ಕಳಿಸುವ ವರ್ಕ್‌ಶಾಪಿಗೆ ಒಪ್ಪಿಸುವುದೇ ಸರಿ.

ಇಲ್ಲಿನ ಕನ್ನಡ ಸಂಘ ಸಂಸ್ಥೆಗಳು ಆರೋಗ್ಯ ತಪಾಸಣೆ, ರಕ್ತದಾನ ಶಿಬಿರಗಳನ್ನು ನಡೆಸುತ್ತಾ ಬಂದಿರುವುದು ಶ್ಲಾಘನೀಯ. ಹಬ್ಬಕ್ಕೆ ಮೊದಲಿನ ಒಂದು ಭಾನುವಾರ, ಗ್ಯಾರೇಜ್ ಕೆಲಸ ಬಲ್ಲ ಬಾಂಧವರ ನೆರವಿನಿಂದ ವಾಹನ ತಪಾಸಣೆ ಶಿಬಿರವನ್ನೂ ಏರ್ಪಡಿಸಬಹುದು. ಕಾರು ಓಡಿಸುವ ಮಹಿಳಾ ಸದಸ್ಯೆಯರನ್ನೂ ಅದಕ್ಕೆ ಕರೆಯಬೇಕು. ಖರ್ಚು ಅಲ್ಪ, ಉಪಕಾರ ದೊಡ್ಡದು. ಪದಾಧಿಕಾರಿಗಳು ಈ ಬಗ್ಗೆ ಯೋಚಿಸಲಿ.