ನಾಲ್ಕೂವರೆಯ ಲೆಕ್ಕವೂ ನಲವತ್ತೆಂಟು ಮತಗಳೂ

ಮತದಾನದ ಮರುದಿನ ಬೆಳಿಗ್ಗೆ ಅಂಧೇರಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ಯಾರೂ ಕರೆಯದ ಸಭೆಯೊಂದು ಸೇರುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲು ಉದ್ಯಮದವರು, ವಕೀಲರು, ನನ್ನಂಥ ಸರಕಾರಿ ನೌಕರರು ವಾಯುವಿಹಾರ ಮುಗಿಸಿ ಬೆಂಚಿನ ಮೇಲೆ ಕುಳಿತು, ಈ ದೇಶ ಕೆಟ್ಟದ್ದು ಜಾತಿಯಿಂದಲೇ ಎಂಬ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸುತ್ತಾರೆ. ಆ ಹೊತ್ತಿನಲ್ಲಿ ನಾನು ಅವರ ಮುಖ ನೋಡುವುದಿಲ್ಲ, ಎಡಗೈಯ ತೋರುಬೆರಳನ್ನು ನೋಡುತ್ತೇನೆ. 1962ರಿಂದ ಈ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುತ್ತಿರುವುದು ನಮ್ಮ ಮೈಸೂರಿನಲ್ಲಿ. ಕನ್ನಡ ನಾಡು ದೇಶಕ್ಕೆಲ್ಲ ಕೊಟ್ಟ ಆ ಗುರುತು ಅಂಧೇರಿಯ ಕನ್ನಡಿಗರ ಬೆರಳುಗಳಲ್ಲಿ ಅಪರೂಪವಾಗಿರುವುದನ್ನು ಕಂಡು ನನಗೆ ನಾಚಿಕೆಯಾಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೇಂದ್ರ ಸರಕಾರದ ಅಧಿಕಾರಿ. ಯಾರಿಗೆ ಮತ ಹಾಕಿದೆನೆಂಬ ಸುಳಿವನ್ನೂ ಕೊಡಬಾರದೆಂದು 1964ರ ನಡತೆ ನಿಯಮಗಳು ನನಗೆ ವಿಧಿಸಿವೆ. ಆದ್ದರಿಂದ ಈ ಲೇಖನದಲ್ಲಿ ಪಕ್ಷವನ್ನು ಹುಡುಕುವವರಿಗೆ ನಿರಾಶೆಯಾದೀತು. ಆದರೆ ಮತ ಹಾಕಲೇಬೇಡವೆಂದು ಆ ನಿಯಮಗಳು ಎಲ್ಲಿಯೂ ಹೇಳಿಲ್ಲ. ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ಹಿಂದೊಮ್ಮೆ ಚುನಾವಣಾ ಕರ್ತವ್ಯಕ್ಕೆ ನಿಯುಕ್ತನಾಗಿದ್ದಾಗ ಅಂಚೆ ಮತಪತ್ರದ ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟು ಮರೆತೆ. ದಿನವಿಡೀ ಇತರರ ಮತಗಳಿಗೆ ಮೊಹರು ಹಾಕಿ, ನನ್ನ ಮತವನ್ನೇ ಹಾಕದೆ ಮನೆಗೆ ಬಂದೆ. ಆದುದರಿಂದ ಮುಂದಿನ ಮಾತುಗಳನ್ನು ಉಪದೇಶವೆಂದು ಭಾವಿಸದೆ, ತಪ್ಪಿತಸ್ಥರಲ್ಲೊಬ್ಬನ ಹೇಳಿಕೆಯೆಂದು ಓದುಗರು ಗಣಿಸಬೇಕು.

ಅಂಕಿಗಳು ಹೇಳುವುದನ್ನು ಕೇಳೋಣ. 2022ರ ನವೆಂಬರಿನಲ್ಲಿ ನಡೆದ ಅಂಧೇರಿ ಪೂರ್ವ ವಿಧಾನಸಭಾ ಉಪಚುನಾವಣೆಯಲ್ಲಿ ಮತ ಹಾಕಿದವರು ಶೇಕಡಾ 32ಕ್ಕೂ ಕಡಿಮೆ. ಪ್ರಮುಖ ಪ್ರತಿಸ್ಪರ್ಧಿ ಹಿಂದೆ ಸರಿದಿದ್ದರಿಂದ ಫಲಿತಾಂಶ ಮೊದಲೇ ತಿಳಿದಂತಿತ್ತು, ನಿಜ. ಆದರೂ ಎರಡನೆಯ ಸ್ಥಾನಕ್ಕೆ ಬಂದದ್ದು ಯಾವ ಅಭ್ಯರ್ಥಿಯೂ ಅಲ್ಲ, 12,806 ಮತ ಗಳಿಸಿದ 'ನೋಟಾ'. ಅದೂ ಒಂದು ಅಭಿಪ್ರಾಯವೇ. ಅವರು ಮತಗಟ್ಟೆಗೆ ಹೋಗಿ ತಮ್ಮ ಅಸಮ್ಮತಿಯನ್ನು ದಾಖಲಿಸಿದರು. ಮನೆಯಲ್ಲಿ ಕುಳಿತ ಮೂರರಲ್ಲಿ ಎರಡು ಪಾಲು ಜನರ ಅಭಿಪ್ರಾಯವೇನೆಂದು ಯಾವ ಕಡತದಲ್ಲಿಯೂ ದಾಖಲಾಗಲಿಲ್ಲ.

2024ರ ಮೇ 20, ಲೋಕಸಭಾ ಚುನಾವಣೆ. ಅಂದು ಸೋಮವಾರ. ಶನಿವಾರ, ಭಾನುವಾರಗಳ ಬಾಲಕ್ಕೆ ರಜೆಯೊಂದು ಸೇರಿತೆಂದು ಕೆಲವರು ಲೋಣಾವಳಕ್ಕೆ ಹೋದರು. ಮಕ್ಕಳ ಶಾಲೆಗೆ ಬೇಸಿಗೆ ರಜೆಯಾದ್ದರಿಂದ ನಮ್ಮವರು ಅನೇಕರು ಊರಿನ ನೇಮ, ಮದುವೆ, ಗೃಹಪ್ರವೇಶಗಳಲ್ಲಿದ್ದರು. ಅಂಧೇರಿಯ ಎರಡೂ ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ ಮತದಾರರು 17 ಲಕ್ಷಕ್ಕೂ ಅಧಿಕ. ಮತದಾನ ಶೇಕಡಾ 55ರ ಆಸುಪಾಸು. ಗೆಲುವಿನ ಅಂತರ 48 ಮತಗಳು! ಲಕ್ಷವಲ್ಲ, ಸಾವಿರವಲ್ಲ, ನಲವತ್ತೆಂಟು. ನಮ್ಮ ಸೊಸೈಟಿಯ ಒಂದೇ ಕಟ್ಟಡದಲ್ಲಿ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ. 'ನನ್ನೊಂದು ಮತದಿಂದ ಏನಾದೀತು' ಎಂಬ ಸುಶಿಕ್ಷಿತರ ವೇದಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಹೀಗೆ ನಾವು ಬರಿದಾಗಿ ಬಿಟ್ಟ ಜಾಗ ಬರಿದಾಗಿ ಉಳಿಯುವುದಿಲ್ಲ. ಚುನಾವಣೆ ಸಮೀಪಿಸುತ್ತಿದ್ದಂತೆ ಸಮುದಾಯದ ಮುಖಂಡರೆನಿಸಿಕೊಂಡವರು ಪಕ್ಷದ ಕಚೇರಿಗೆ ಹೋಗಿ, 'ನಮ್ಮವರು ಇಷ್ಟು ಸಾವಿರ ಮಂದಿ, ನಮಗೊಂದು ಟಿಕೆಟು ಕೊಡಿ' ಎಂದು ಚೌಕಾಸಿ ನಡೆಸುತ್ತಾರೆ. ಅಂಥದೊಂದು ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನನ್ನ ಮತವನ್ನು ನನ್ನೆದುರಿಗೇ, ನನ್ನನ್ನು ಕೇಳದೆಯೇ, ಲೆಕ್ಕಕ್ಕೆ ಸೇರಿಸಲಾಯಿತು. ನಾನು ಪ್ರತಿಭಟಿಸಲಿಲ್ಲ. ಊಟ ಚೆನ್ನಾಗಿತ್ತು.

ಈ ಲೆಕ್ಕ ತನ್ನ ತಾರ್ಕಿಕ ಕೊನೆಯನ್ನು ಮುಟ್ಟಿದರೆ ಏನಾಗುತ್ತದೆಂಬುದನ್ನು ಅರಬ್ಬೀ ಸಮುದ್ರದ ಆಚೆ ದಡದ ಸೊಮಾಲಿಯಾದಲ್ಲಿ ನೋಡಬಹುದು. ಅಲ್ಲಿ 1969ರ ಚುನಾವಣೆಯಲ್ಲಿ 123 ಸ್ಥಾನಗಳಿಗೆ ಅರವತ್ತಕ್ಕೂ ಹೆಚ್ಚು ಪಕ್ಷಗಳ ಸಾವಿರಕ್ಕೂ ಮಿಕ್ಕಿದ ಅಭ್ಯರ್ಥಿಗಳು ನಿಂತಿದ್ದರು. ಪಕ್ಷಗಳಲ್ಲಿ ಹಲವು ಕುಲಗಳ ಮುಖವಾಡಗಳೇ. ಅದೇ ವರ್ಷ ಅಕ್ಟೋಬರಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಮುಂದೆ ಅಂತರ್ಯುದ್ಧದಲ್ಲಿ ನಾಡು ಒಡೆದು ಹೋದ ಬಳಿಕ, 2000ದಲ್ಲಿ ಜಿಬೂಟಿಯಲ್ಲಿ ನಡೆದ ಸಮ್ಮೇಳನದಲ್ಲಿ 'ನಾಲ್ಕೂವರೆ'ಯ ಸೂತ್ರವನ್ನು ಒಪ್ಪಲಾಯಿತು. ನಾಲ್ಕು ದೊಡ್ಡ ಕುಲಗಳಿಗೆ ಸಮಪಾಲು, ಉಳಿದೆಲ್ಲ ಸಣ್ಣ ಸಮುದಾಯಗಳಿಗೆ ಒಟ್ಟಾಗಿ ಅರ್ಧ ಪಾಲು. 275 ಸ್ಥಾನಗಳ ಕೆಳಮನೆಯಲ್ಲಿ ದೊಡ್ಡವರಿಗೆ ತಲಾ 61, ಉಳಿದವರೆಲ್ಲರಿಗೆ ಸೇರಿ 31. 2012ರಲ್ಲಿ ಆ ಸದಸ್ಯರನ್ನು ಆರಿಸಿದವರು 135 ಮಂದಿ ಕುಲಹಿರಿಯರು. 2016ರಲ್ಲಿ ಸ್ಥಾನವೊಂದಕ್ಕೆ 51ರಂತೆ 14,025 ಪ್ರತಿನಿಧಿಗಳು. ಒಂದು ಕೋಟಿಗೂ ಮಿಕ್ಕಿದ ಜನರ ಪರವಾಗಿ ಇಷ್ಟೇ ಮಂದಿ!

ರಕ್ತಪಾತವನ್ನು ತಡೆಯಲು ಆ ಸೂತ್ರ ಹುಟ್ಟಿತೆಂಬುದನ್ನು ನಾನು ಮರೆಯುವುದಿಲ್ಲ. ಖಡ್ಗಕ್ಕಿಂತ ತಕ್ಕಡಿ ಲೇಸು. ಆದರೆ ಅರ್ಧ ಪಾಲಿನವನು ಎಂದೆಂದಿಗೂ ಅರ್ಧ ಪಾಲಿನವನೇ ಎಂದು ಸಾರುವ ತಕ್ಕಡಿಯನ್ನು ನ್ಯಾಯವೆನ್ನಲಾಗದು. 2025ರ ಡಿಸೆಂಬರ್ 25ರಂದು ಮೊಗದಿಶುವಿನ ಜನ ಸ್ಥಳೀಯ ಚುನಾವಣೆಯಲ್ಲಿ ನೇರವಾಗಿ ಮತ ಹಾಕಿದರು. ಅದಕ್ಕಾಗಿ ಅವರು ಐದು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಅವರು ಕಾದು ಪಡೆದದ್ದನ್ನು ನಾವು ಲೋಣಾವಳದ ಚಿಕ್ಕಿಗೆ ಬದಲಾಗಿ ಕೊಟ್ಟುಬಿಡುತ್ತೇವೆ.

ಹಾಗಾದರೆ ಪ್ರಾತಿನಿಧ್ಯದ ಬೇಡಿಕೆಯೇ ತಪ್ಪೇ? ಖಂಡಿತ ಅಲ್ಲ. ಈ ಪ್ರಶ್ನೆಯಲ್ಲಿ ನಮ್ಮ ನಗರವಾಸಿ ಸಜ್ಜನರ ಕಪಟ ಬಯಲಾಗುತ್ತದೆ. 'ಜಾತಿ ಬೇಡ' ಎಂದು ಗಟ್ಟಿಯಾಗಿ ಹೇಳುವವನು ಬಹುಮಟ್ಟಿಗೆ ಯಾವ ಜಾತಿಗೆ ಕುರ್ಚಿ ಮೊದಲೇ ಸಿಕ್ಕಿದೆಯೋ ಆ ಜಾತಿಯವನೇ ಆಗಿರುತ್ತಾನೆ. ಮೈಸೂರು ಸಂಸ್ಥಾನದಲ್ಲಿ 1918ರಷ್ಟು ಹಿಂದೆಯೇ ಮಿಲ್ಲರ್ ಸಮಿತಿ ನೇಮಕವಾದದ್ದು, 1972ರಲ್ಲಿ ಹಾವನೂರು ಆಯೋಗ ರಚನೆಯಾದದ್ದು ಇದೇ ಅನ್ಯಾಯದ ಕಾರಣದಿಂದ. ಏಕೀಕರಣವಾದ 1956ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳೆಲ್ಲರೂ ಒಂದೇ ಸಮುದಾಯದಿಂದ ಬಂದವರು. 1972ರಲ್ಲಿ ಆ ಸ್ಥಾನಕ್ಕೆ ಬಂದ ದೇವರಾಜ ಅರಸು ಅವರ ಸಮುದಾಯವೋ ಬೆರಳೆಣಿಕೆಯದು. ಕುಲದ ತಲೆಯೆಣಿಕೆಯೇ ಅಂತಿಮವಾಗಿದ್ದರೆ ಅರಸರು ಹುಣಸೂರಿನಿಂದ ಆಚೆಗೆ ಬರುತ್ತಿರಲಿಲ್ಲ. ಯಾರ ಲೆಕ್ಕಕ್ಕೂ ಸಿಗದಿದ್ದ ಸಣ್ಣ ಸಮುದಾಯಗಳನ್ನು ಮತಗಟ್ಟೆಯ ಬಲದಿಂದ ಒಗ್ಗೂಡಿಸಿದ್ದೇ ಅವರ ರಾಜಕಾರಣದ ಮರ್ಮ.

ಕರ್ನಾಟಕದ 224 ವಿಧಾನಸಭಾ ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗಳಿಗೆ, 15 ಪರಿಶಿಷ್ಟ ಪಂಗಡಗಳಿಗೆ ಮೀಸಲು. ಇದಕ್ಕೂ ನಾಲ್ಕೂವರೆಯ ಸೂತ್ರಕ್ಕೂ ಅಜಗಜಾಂತರ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗೆ ಮಾತ್ರ ಸಮುದಾಯದ ನಿಬಂಧನೆ, ಮತದಾರನಿಗಿಲ್ಲ. ಅಲ್ಲಿ ಎಲ್ಲ ಜಾತಿಯವರೂ ಮತ ಹಾಕುತ್ತಾರೆ, ಗೆದ್ದವನು ಎಲ್ಲರಿಗೂ ಉತ್ತರ ಹೇಳಬೇಕು. 1932ರ ಪುಣೆ ಒಪ್ಪಂದದ ಕಹಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯ ಕೊರತೆಗಳೂ ಗೊತ್ತು. ಆದರೂ ಇಲ್ಲಿ ಆರಿಸುವವನು ಮತದಾರ, ಹಿರಿಯನಲ್ಲ. ಪಾಲು ಬೇಕು, ಆದರೆ ಆ ಪಾಲನ್ನು ಹಂಚುವ ಸೌಟು ಮುಖಂಡನ ಕೈಯಲ್ಲಿರಬಾರದು. ನನ್ನ ವಾದದ ಸಾರ ಇಷ್ಟೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇಕಡಾ 81ಕ್ಕೂ ಹೆಚ್ಚು ಮತದಾನವಾಯಿತು. ಬೆಂಗಳೂರು ದಕ್ಷಿಣದಲ್ಲಿ ಸುಮಾರು 53. ಮಂಡ್ಯದಲ್ಲಿ ಜಾತಿಯ ಹಿಡಿತ ಸಡಿಲವೆಂದು ಯಾರೂ ಹೇಳಲಾರರು. ಹಾಗಾದರೆ ಜನರನ್ನು ಮತಗಟ್ಟೆಗೆ ಕರೆತರುವುದು ಜಾತಿಯೇ ಅಲ್ಲವೇ? ಭಾಗಶಃ ನಿಜ. ಮನೆಬಾಗಿಲಿಗೆ ಬಂದು 'ಬನ್ನಿ' ಎನ್ನುವವನು ಇದ್ದಾನೆ, ಆದ್ದರಿಂದ ಜನ ಹೋಗುತ್ತಾರೆ. ಆದರೆ ಹೆಚ್ಚಿನ ಮತದಾನದಲ್ಲಿ ಒಂದು ಲಾಭವಿದೆ: ಒಕ್ಕಲುತನದವನ ಜತೆಗೆ ಕೂಲಿಯವನೂ, ಗಂಡನ ಜತೆಗೆ ಹೆಂಡತಿಯೂ ಪರದೆಯ ಹಿಂದೆ ಒಬ್ಬರೇ ನಿಲ್ಲುತ್ತಾರೆ. ಅಲ್ಲಿ ಮುಖಂಡನಿಗೆ ಪ್ರವೇಶವಿಲ್ಲ. ಅವನ ಲೆಕ್ಕ ತಪ್ಪುವುದಿದ್ದರೆ ಅಲ್ಲಿಯೇ ತಪ್ಪಬೇಕು. ಬಾರದವನ ವಿಷಯದಲ್ಲಿ ಆ ಲೆಕ್ಕ ತಪ್ಪುವ ಸಂಭವವೇ ಇಲ್ಲ. ಜಾತಿ ರಾಜಕಾರಣವನ್ನು ಹಳಿಯುತ್ತ ಮನೆಯಲ್ಲಿ ಕೂರುವವನು ಅದರ ಸಂಬಳವಿಲ್ಲದ ಪ್ರಚಾರಕ.

ಬೇರೆ ದಾರಿಯಿಲ್ಲವೆನ್ನುವವರಿಗೆ ಈ ನಗರದ್ದೇ ಒಂದು ನೆನಪು. 1967ರಲ್ಲಿ ದಕ್ಷಿಣ ಬೊಂಬಾಯಿ ಕ್ಷೇತ್ರದಲ್ಲಿ ಆಗಿನ ಪ್ರಬಲ ನಾಯಕ ಸ. ಕಾ. ಪಾಟೀಲರನ್ನು ಸೋಲಿಸಿದವರು ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್. ಅವರ ಬೆನ್ನಿಗೆ ನಿಂತ ಟ್ಯಾಕ್ಸಿ ಚಾಲಕರು, ನಗರಪಾಲಿಕೆಯ ಕಾರ್ಮಿಕರು ಯಾವ ಒಂದು ಕುಲದವರೂ ಆಗಿರಲಿಲ್ಲ, ಒಂದೇ ಭಾಷೆಯವರೂ ಆಗಿರಲಿಲ್ಲ. ಅವರನ್ನು ಕೂಡಿಸಿದ್ದು ಕೆಲಸದ ಕಷ್ಟ. ಮನೆಬಾಗಿಲಿಗೆ ಬಂದು ಕರೆಯುವ ಕೆಲಸವನ್ನು ಅಂದು ಕಾರ್ಮಿಕ ಸಂಘ ಮಾಡಿತು. ಇಂದು ಅದನ್ನು ಕನ್ನಡ ಸಂಘ ಏಕೆ ಮಾಡಬಾರದು?

ಲೋಕಸಭೆಯ ಕ್ಷೇತ್ರ ಪುನರ್ವಿಂಗಡಣೆಯ ಬಗ್ಗೆ ನಮ್ಮ ವೇದಿಕೆಗಳಲ್ಲಿ ಆವೇಶದ ಭಾಷಣಗಳನ್ನು ಕೇಳಿದ್ದೇನೆ. 1976ರ ತಿದ್ದುಪಡಿ ರಾಜ್ಯಗಳ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರಲ್ಲಿ ಅಂಗೀಕಾರವಾದ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಪಾಲಿಸಿದ ದಕ್ಷಿಣದ ರಾಜ್ಯಗಳು ಅದಕ್ಕಾಗಿ ದಂಡ ತೆರಬಾರದೆಂಬ ವಾದ ಸಂಪೂರ್ಣ ನ್ಯಾಯಯುತವಾದದ್ದು. ಕರ್ನಾಟಕದ 28ರ ತೂಕ ಕಡಿಮೆಯಾಗಬಾರದು. ಆದರೆ ಬೆಂಗಳೂರಿನಲ್ಲಿ ಅರ್ಧದಷ್ಟು ಜನ, ಅಂಧೇರಿಯಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಕುಳಿತಾಗ ಆ ತೂಕವನ್ನು ಕಡಿಮೆ ಮಾಡಿದವರು ಯಾರು? ಇಲ್ಲಿನ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ಮೂರು ವರ್ಷಗಳಿಗೂ ಹೆಚ್ಚು ಕಾಲ 227 ವಾರ್ಡುಗಳಲ್ಲಿ ಒಬ್ಬನೇ ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ನಮ್ಮ ಯಾವ ಸಭೆಯಲ್ಲಿ ಇದರ ವಿರುದ್ಧ ನಿರ್ಣಯವಾಯಿತು? ನನಗೆ ನೆನಪಿಲ್ಲ.

ಮುಂಬಯಿಯ ಸಮುದಾಯ ಸಂಸ್ಥೆಗಳನ್ನು ಜರೆಯುವುದು ನನ್ನ ಉದ್ದೇಶವಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಇವೆಲ್ಲ ಊರು ಬಿಟ್ಟು ಬಂದ ಹುಡುಗರಿಗೆ ಆಸರೆಯಾದವು, ಅವರ ಓದಿಗೆ ನೆರವಾದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರ ಋಣ ನಮ್ಮೆಲ್ಲರ ಮೇಲಿದೆ. ಅಂಥ ಶಿಸ್ತು ಬಲ್ಲವರಿಗೆ ಮುಂದಿನ ಕೆಲಸ ಕಷ್ಟವಲ್ಲ. ಯುಗಾದಿಗೂ ಗಣೇಶೋತ್ಸವಕ್ಕೂ ಪ್ರತಿ ಸಂಘದ ಬಾಗಿಲಲ್ಲಿ ಮತದಾರರ ನೋಂದಣಿಯ ಮೇಜೊಂದಿರಲಿ. ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಊರಿನ ಟಿಕೆಟನ್ನು ಎರಡು ದಿನ ಮುಂದೂಡಿರೆಂದು ಸದಸ್ಯರಿಗೆ ಪತ್ರ ಹೋಗಲಿ. ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಸಿ, ಪಾಲಿಕೆಯ ಕನ್ನಡ ಶಾಲೆಗಳ ಗತಿಯೇನು, ಮಳೆಗಾಲದಲ್ಲಿ ಮುಳುಗುವ ಅಂಧೇರಿ ಸಬ್‌ವೇಗೆ ಏನು ಪರಿಹಾರ ಎಂದು ಕೇಳೋಣ. 'ನಮ್ಮವನೇ?' ಎಂಬ ಪ್ರಶ್ನೆ ಆಮೇಲಿರಲಿ.

ಶಾಲು ಹೊದಿಸಿದರೆ ವಾರದಲ್ಲಿ ಮಡಿಚಿ ಪೆಟ್ಟಿಗೆಗೆ ಸೇರುತ್ತದೆ. ಬೆರಳಿಗೆ ಹಚ್ಚಿದ ಮೈಸೂರಿನ ಶಾಯಿ ವಾರಗಟ್ಟಲೆ ಉಳಿಯುತ್ತದೆ. ಮುಂದಿನ ಚುನಾವಣೆಯ ಮರುದಿನ ಬೆಳಿಗ್ಗೆಯೂ ನಾನು ಆ ಬೆಂಚಿನ ಬಳಿಗೆ ಬರುತ್ತೇನೆ. ಜಾತಿಯನ್ನು ಧಾರಾಳವಾಗಿ ಬಯ್ಯೋಣ. ಆದರೆ ಮಾತು ಆರಂಭಿಸುವ ಮೊದಲು ಎಲ್ಲರೂ ಎಡಗೈ ಮುಂದೆ ಚಾಚಬೇಕು. ಮೊದಲು ನಾನು ಚಾಚುತ್ತೇನೆ.