ಕಿತ್ತುಹೋಗುತ್ತಿರುವ ಕಿಟಕಿಗಳು: ಬೆಳಗಾವಿಯ ಹಳೆಯ ಮನೆಗಳಿಗೆ ಕಾವಲು ಯಾರು?

ಬೆಳಗಾವಿಯ ದಂಡು ಪ್ರದೇಶದ ಬಂಗಲೆಗಳಲ್ಲಾಗಲಿ, ಶಹಾಪುರದ ಹಳೆಯ ವಾಡೆಗಳಲ್ಲಾಗಲಿ ದುರಸ್ತಿ ಎಂದೊಡನೆ ಮೊದಲು ಕಿತ್ತುಬರುವುದು ಕಿಟಕಿ. ಸಾಗುವಾನಿ ಚೌಕಟ್ಟಿನ ಜಾಗಕ್ಕೆ ಅಲ್ಯೂಮಿನಿಯಂ ಅಥವಾ ಯುಪಿವಿಸಿಯ ಸರಿಯುವ ಕಿಟಕಿ ಬರುತ್ತದೆ. ಹಲವು ಕುಟುಂಬಗಳು ಹಂಚಿಕೊಂಡ ಮನೆಯಾದರಂತೂ ಒಬ್ಬೊಬ್ಬರದು ಒಂದೊಂದು ಬಗೆ. ಕಟ್ಟಡ ಉಳಿದಿರುತ್ತದೆ, ಅದರ ಮುಖ ಉಳಿದಿರುವುದಿಲ್ಲ.

ಮಾಲೀಕರನ್ನಷ್ಟೇ ದೂರಿ ಫಲವಿಲ್ಲ. ಇಲ್ಲಿನ ಮಳೆ ಸಾಮಾನ್ಯವಾದುದಲ್ಲ. ಪಕ್ಕದ ಖಾನಾಪುರದಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯತ್ತ ಸಾಗಿದಷ್ಟೂ ಅದು ಇನ್ನೂ ಬಿರುಸು. ನೀರು ಕುಡಿದು ಉಬ್ಬಿದ ಕದ ಮುಚ್ಚಲೊಲ್ಲದು. ಆದರೆ ಇದೇ ಮಳೆಯನ್ನು ಈ ಕಿಟಕಿಗಳು ತಲೆಮಾರುಗಳ ಕಾಲ ತಾಳಿಕೊಂಡದ್ದು ಹೇಗೆ? ಉತ್ತರ ಛಾವಣಿಯಲ್ಲಿದೆ. ಇಳಿಜಾರು ಹಂಚಿನ ಮಾಡು ಗೋಡೆಯಿಂದ ಹೊರಚಾಚಿ ಕಿಟಕಿಗೆ ಕೊಡೆ ಹಿಡಿಯುತ್ತಿತ್ತು. ಹಂಚಿನ ಕಾರ್ಖಾನೆಗಳಿಗೆ ಹೆಸರಾದ ಖಾನಾಪುರದಲ್ಲಿಯೂ ಈಗ ಮಾಡು ತೆಗೆದು ಸ್ಲ್ಯಾಬ್ ಹಾಕಿಸುವವರೇ ಹೆಚ್ಚು. ಕೊಡೆ ಕಿತ್ತವರು ಕಿಟಕಿ ನೆನೆಯಿತೆಂದು ಬಡಿಗೇರನನ್ನು ಬೈಯುವುದು ವಿಪರ್ಯಾಸವೇ ಸರಿ.

ಹಳೆಯ ಕಿಟಕಿಯಲ್ಲಿ ಸಾಮಾನ್ಯವಾಗಿ ಕೊಳೆಯುವುದು ನೀರು ನಿಲ್ಲುವ ಕೆಳಪಟ್ಟಿ ಮಾತ್ರ. ಅಷ್ಟನ್ನೇ ಕತ್ತರಿಸಿ ಹೊಸ ಮರದ ತುಂಡು ಕೂಡಿಸಬಹುದು. ಚೌಕಟ್ಟನ್ನೇ ಕಿತ್ತರೆ ಸುಣ್ಣದ ಗಾರೆಯ ಗೋಡೆ ಸಡಿಲಗೊಳ್ಳುತ್ತದೆ. ಆ ಬಿರುಕಿಗೆ ಸಿಮೆಂಟ್ ತುಂಬಿದರೆ ಗೋಡೆಯ ತೇವ ಹೊರಹೋಗದೆ ಒಳಗೇ ಉಳಿಯುತ್ತದೆ. ಹೀಗೆ ಗುಜರಿ ಸೇರಿದ ಬಲಿತ ಸಾಗುವಾನಿಗೆ ಸಮನಾದ ಮರ ಮತ್ತೆ ಸಿಗುವುದು ಕಷ್ಟ. ಖಾನಾಪುರದ ಕಾಡಿನ ಒಂದು ಭಾಗ 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು. ಅದು ಆಗಬೇಕಾದದ್ದೇ. ಆದ್ದರಿಂದಲೇ ಇರುವ ಮರಕ್ಕೆ ಬೆಲೆ ಹೆಚ್ಚು.

ಕಾನೂನು ಏನನ್ನುತ್ತದೆ? ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. 2010ರ ತಿದ್ದುಪಡಿಯಂತೆ ಅಲ್ಲಿನ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಆದರೆ ಈ ನಿಯಮ ಕಾಯುವುದು ಸ್ಮಾರಕವನ್ನು, ಮನೆಯನ್ನಲ್ಲ. 1892ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕೋಟೆಯೊಳಗಿನ ಮನೆ ರಾಮಕೃಷ್ಣ ಮಿಷನ್ನಿನ ಕೈಸೇರಿ ಸ್ಮಾರಕವಾಗಿ ಉಳಿಯಿತು. ಮಹಾಪುರುಷರು ತಂಗದ ಮನೆಗಳ ಗತಿಯೇನು?

ನ್ಯೂಯಾರ್ಕಿನಲ್ಲಿ 1965ರ ಕಾನೂನಿನಡಿ ಗುರುತಿಸಲಾದ ಅಪಾರ್ಟ್‌ಮೆಂಟ್ ಕಟ್ಟಡದ ಕಿಟಕಿ ಬದಲಿಸಲು ಆಯೋಗದ ಒಪ್ಪಿಗೆ ಬೇಕು. ಅಷ್ಟು ದೂರವೇಕೆ, ಮುಂಬಯಿಯಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಇದೆ. ಅಲ್ಲಿನ ಆರ್ಟ್ ಡೆಕೊ ವಸತಿ ಕಟ್ಟಡಗಳ ಸಾಲು 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅವು ಅರಮನೆಗಳಲ್ಲ, ಜನ ಬಾಳುತ್ತಿರುವ ಮನೆಗಳು.

ಬೆಳಗಾವಿಗೆ ಈ ಪ್ರಶ್ನೆ ಈಗ ತುರ್ತಿನದು. 1832ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದಲ್ಲಿ ಕಟ್ಟಡ ಕಾಮಗಾರಿಗೆ ಮಂಡಳಿಯ ಬಿಗಿ ಅನುಮತಿ ವ್ಯವಸ್ಥೆಯಿದೆ. ನಿವಾಸಿಗಳಿಗೆ ಅದು ಕಿರಿಕಿರಿಯೇ. ಆದರೂ ಹಲವು ಬಂಗಲೆಗಳನ್ನು ಕಾಯ್ದದ್ದು ಆ ಕಿರಿಕಿರಿಯೇ. ದಂಡು ಪ್ರದೇಶಗಳ ನಾಗರಿಕ ಭಾಗಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ಕೇಂದ್ರದ ನೀತಿ 2023ರಲ್ಲಿ ಹಿಮಾಚಲದ ಖಾಸ್ ಯೋಲ್‌ನಿಂದ ಜಾರಿಗೆ ಬಂದ ಮೇಲೆ ಬೆಳಗಾವಿಯ ಹೆಸರೂ ಚರ್ಚೆಗೆ ಬಂದಿದೆ. ಪಾಲಿಕೆಯ ಆಡಳಿತ ಬಂದರೆ ರಸ್ತೆ, ನೀರು ಸುಧಾರಿಸಬಹುದು, ನಿವಾಸಿಗಳ ಬೇಡಿಕೆಯೂ ನ್ಯಾಯವಾದುದೇ. ಆದರೆ ಹಸ್ತಾಂತರಕ್ಕೆ ಮುನ್ನ ಯಾವ ಮನೆಯಲ್ಲಿ ಏನು ಉಳಿದಿದೆ ಎಂಬ ಸಚಿತ್ರ ಪಟ್ಟಿ ಸಿದ್ಧವಾಗಲೇಬೇಕು. ಮರದ ಕಿಟಕಿ ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಪಾಲಿಕೆ ಮುಂದಾಗಲಿ. ದುರಸ್ತಿಯ ಖರ್ಚನ್ನೆಲ್ಲ ಮಾಲೀಕರ ತಲೆಗೆ ಕಟ್ಟಿ, ಊರಿನ ಅಂದವನ್ನು ಅವರಿಂದ ಪುಕ್ಕಟೆ ನಿರೀಕ್ಷಿಸುವುದು ತರವಲ್ಲ.